ಶಿಳ್ಳೆ ನಿಂತ ಮೇಲೆ

ಕಸ್ತೂರಬಾಯಿಗೆ ಶಿಳ್ಳೆ ಹಾಕಲು ಬರುವುದಿಲ್ಲ. ಕುರಿ ಕಾಯುವವರ ಮನೆಯಲ್ಲಿ ಹುಟ್ಟಿ ಕುರಿ ಕಾಯುವವರ ಮನೆಗೇ ಬಂದವಳು. ಕುರಿಯ ಹೊಟ್ಟೆ ಮುಟ್ಟಿ ಎಷ್ಟು ತಿಂಗಳ ಗಬ್ಬ ಎಂದು ಹೇಳುತ್ತಾಳೆ. ಬಾಯಿ ತೆರೆಸಿ ವಯಸ್ಸು ಹೇಳುತ್ತಾಳೆ. ಶಿಳ್ಳೆ ಮಾತ್ರ ಬರಲಿಲ್ಲ. ಬೇಕಾಗಿಯೂ ಇರಲಿಲ್ಲ, ಅದು ಗಂಡ ನಾಗಪ್ಪನ ಕೆಲಸ. ಸೊಲ್ಲಾಪುರದ ಹತ್ತಿರದ ತಮ್ಮೂರು ಕುಂಭಾರಿಯ ಆಚೆಯ ದಿಬ್ಬದ ಮೇಲೆ ಕಂಬಳಿ ಹಾಸಿ ಕೂತು ಅವನು ಎರಡು ಬೆರಳು ಬಾಯಿಗಿಟ್ಟರೆ ಕೆಳಗೆ ನಲವತ್ತು ಕುರಿ ಒಮ್ಮೆಲೇ ಮುಖ ತಿರುಗಿಸುತ್ತಿದ್ದವು. ತಿರುಗಿದ್ದು ಕಂಡ ಕೂಡಲೇ ಬೆರಳು ತೆಗೆಯುತ್ತಿದ್ದ. ಬೇಕಾದ್ದಕ್ಕಿಂತ ಒಂದು ಶಿಳ್ಳೆ ಹೆಚ್ಚು ಹಾಕಿದವನಲ್ಲ. ಮಾತೂ ಹಾಗೆಯೇ.

ಹೋದ ವರ್ಷ ಆಷಾಢದಲ್ಲಿ ನಾಗಪ್ಪ ಸತ್ತ. ಅಕ್ಕಲಕೋಟದಲ್ಲಿ ಕಸ್ತೂರಬಾಯಿಯ ತಮ್ಮ ಸಾತಲಿಂಗಪ್ಪನ ಕಂಬಳಿ ಅಂಗಡಿ ಇದೆ. ಅಲ್ಲಿಗೆ ಉಣ್ಣೆ ಕೊಡಲು ಹೋಗಿದ್ದ. ಮಗಳು ಮಯೂರಿ ಜೊತೆಗಿದ್ದಳು. ಬರುವಾಗ ಹತ್ತು ಜನರ ಜಾಗದಲ್ಲಿ ಹದಿನೆಂಟು ಜನ ತುಂಬಿದ್ದ ವಡಾಪ್ ಎನ್ನುವ ಖಾಸಗಿ ಜೀಪು ಹತ್ತಿದರು. ಜೀಪು ಹೊರಳಿತು. ನಾಗಪ್ಪ ಅಲ್ಲೇ ಹೋದ. ಮಯೂರಿಯ ತಲೆ ಸರಳಿಗೆ ಬಡಿದು, ಸೊಲ್ಲಾಪುರದ ದವಾಖಾನೆಯಲ್ಲಿ ಹನ್ನೊಂದು ದಿನ ಕಣ್ಣು ತೆರೆಯಲಿಲ್ಲ. ಹನ್ನೆರಡನೆಯ ದಿನ ತೆರೆದು "ಅಪ್ಪ ಎಲ್ಲಿ?" ಎಂದಳು.

"ಕುರಿ ಕಡೆ ಹೋಗ್ಯಾನ" ಎಂದಳು ಕಸ್ತೂರಬಾಯಿ. ಆ ಸುಳ್ಳನ್ನು ನಾಲ್ಕು ದಿನ ಎಳೆದಳು. ಐದನೆಯ ದಿನ ಮಗಳೇ ತಾಯಿಯ ಹಣೆ ನೋಡಿ ತಿಳಿದುಕೊಂಡಳು.

ಅಂದಿನಿಂದ ಕಸ್ತೂರಬಾಯಿ ವಡಾಪ್ ಹತ್ತಲಿಲ್ಲ. ಎಸ್‌ಟಿ ಬಸ್ಸು ಬಂದರೆ ಹೋದಳು, ಬರದಿದ್ದರೆ ಇಲ್ಲ. ಕುರಿಗಳ ಕೆಲಸ ಅವಳ ಪಾಲಿಗೆ ಬಂತು. ಅವು ಅವಳ ಮಾತು ಕೇಳಲಿಲ್ಲ. ಕೂಗಿದಳು, ಕಲ್ಲು ಒಗೆದಳು, ಬೈದಳು. ಕಾಲು ನೆಟ್ಟಗಿದ್ದವು, ಕಿವಿ ನೆಟ್ಟಗಿದ್ದವು. ಆದರೂ ತಲೆ ಎತ್ತಿ ದಿಬ್ಬದ ಕಡೆ ನೋಡಿ ನಿಂತಲ್ಲೇ ನಿಲ್ಲುತ್ತಿದ್ದವು. ಅವಳೂ ಒಂದೊಂದು ಸಲ ಅತ್ತಲೇ ನೋಡುತ್ತ ನಿಲ್ಲುತ್ತಿದ್ದಳು.

ಮಯೂರಿಗೆ ಇಪ್ಪತ್ತಮೂರು. ಸೊಲ್ಲಾಪುರದ ನವಿ ಪೇಠದಲ್ಲಿ ಧನರಾಜ ಶೇಠರ ಸೀರೆ ಅಂಗಡಿಯಲ್ಲಿ ಕೆಲಸ. ದೀಪಾವಳಿಗೆ ಮತ್ತೆ ಹೋಗತೊಡಗಿದಳು. ಹೋದವಳು ಮೊದಲಿನ ಮಯೂರಿ ಆಗಿರಲಿಲ್ಲ. ಮೊದಲು ಅರ್ಧ ರೊಟ್ಟಿ ಕೈಯಲ್ಲಿ ಹಿಡಿದೇ ಓಡುತ್ತಿದ್ದವಳು ಈಗ ಹೊಸ್ತಿಲ ಮೇಲೆ ಕೂತು ಚಪ್ಪಲಿ ಹಾಕಲೂ ದಣಿಯುತ್ತಿದ್ದಳು. ಎದ್ದು ನಿಂತರೆ ಕಣ್ಣು ಕತ್ತಲೆ. ಊಟ ಬೇಡ. ತಿಂಗಳದ್ದು ನಿಂತಿತ್ತು. ಬಿಸಿಲಲ್ಲೂ ಅಪ್ಪನ ಕಂಬಳಿ ಹೊದ್ದು ಕೂಡುತ್ತಿದ್ದಳು.

"ಅಪ್ಪನ್ನ ಮನಸ್ಸಿಗೆ ಹಚಗೊಂಡಾಳ" ಎಂದರು ಓಣಿಯವರು. ಕಸ್ತೂರಬಾಯಿಗೂ ಹಾಗೆಯೇ ಅನಿಸಿತು. ಅವಳಿಗೇ ಊಟ ಸೇರುತ್ತಿರಲಿಲ್ಲ, ಮಗಳಿಗೆ ಹೇಗೆ ಸೇರೀತು? ದುಃಖಕ್ಕೆ ಮದ್ದಿಲ್ಲ, ದಿನ ಹೋಗಬೇಕು ಎಂದುಕೊಂಡಳು. ಆದರೆ ದಿನ ಹೋದಂತೆ ಮಗಳೂ ಹೋಗುತ್ತಿದ್ದಾಳೆ ಎಂದು ಒಳಗೊಂದು ಹುಳ ಕೊರೆಯುತ್ತಿತ್ತು. ಒಬ್ಬಳನ್ನು ಕಳೆದುಕೊಳ್ಳಲು ಅವಳ ಹತ್ತಿರ ಇನ್ನೊಬ್ಬಳಿರಲಿಲ್ಲ.

ಮಾಘದಲ್ಲಿ ಸಾತಲಿಂಗಪ್ಪ ಒತ್ತಾಯ ಮಾಡಿ ಅಕ್ಕಲಕೋಟದ ಪ್ರಾಜಕ್ತಾ ಡಾಕ್ಟರರ ಹತ್ತಿರ ಕರೆದುಕೊಂಡು ಹೋದ. ನಲವತ್ತರ ಹೆಂಗಸು. ಮರಾಠಿ ಕನ್ನಡ ಎರಡನ್ನೂ ಕಲಸಿ ಮಾತಾಡುವವಳು. ನಾಡಿ ನೋಡಿ, ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿ.ಪಿ. ಅಳೆದಳು. ತಲೆಯ ಗಾಯದ ಗುರುತು ಮುಟ್ಟಿದಳು. ಮುಂಜಾನೆಯ ರಕ್ತ ಸೊಲ್ಲಾಪುರಕ್ಕೆ ಕಳಿಸಿದಳು. ಮೂರು ದಿನ ಬಿಟ್ಟು ಕರೆದು ಹೇಳಿದಳು.

"ಮಾವಶಿ, ಇದು ಬರೇ ದುಃಖ ಅಲ್ಲ. ಇಕಿ ಮೈಯಾಗ ಕಾರ್ಟಿಸಾಲ್ ಅಂತ ಒಂದು ಹಾರ್ಮೋನ್ ತಯಾರಾಗವಲ್ತು. ಈ ಗುಳಿಗಿ ಮುಂಜಾನೆ ಒಂದು, ಮಧ್ಯಾಹ್ನ ಅರ್ಧ. ಬಿಡಬ್ಯಾಡ್ರಿ. ಜ್ವರ ಬಂದ್ರ ಮೊದ್ಲು ನನಗ ಫೋನ್ ಮಾಡ್ರಿ."

ಹೊರಗೆ ಅರವತ್ತು ಜನ ಕಾಯುತ್ತಿದ್ದರು. ಕಸ್ತೂರಬಾಯಿ ಹೂಂ ಎಂದಳು. ಅವಳಿಗೆ ತಿಳಿದದ್ದು ಇಷ್ಟು: ತಾಕತ್ತಿನ ಗುಳಿಗೆ. ಬಿಡಬೇಡಿ ಎಂದು ಎಲ್ಲ ಡಾಕ್ಟರರೂ ಹೇಳುತ್ತಾರೆ.

ಮೂರೇ ದಿನಕ್ಕೆ ಮಯೂರಿ ಎದ್ದು ಕೂತಳು. ನಾಲ್ಕನೆಯ ದಿನ ರೊಟ್ಟಿ ಕೇಳಿದಳು. ಐದನೆಯ ದಿನ ಕನ್ನಡಿ ಮುಂದೆ ನಿಂತು, "ಅವ್ವ, ನನ್ನ ಕೂದಲಾ ನೋಡು, ಹಳೇ ಕಸಬರಿಗಿ ಆಗ್ಯದ" ಎಂದು ನಕ್ಕಳು. ಆಷಾಢದ ನಂತರ ಆ ಮನೆಯಲ್ಲಿ ಕೇಳಿದ ಮೊದಲ ನಗು ಅದು. ಕಸ್ತೂರಬಾಯಿ ಬೀರೋಬ ದೇವರ ಭಂಡಾರದ ಅರಿಸಿನ ತಂದು ಮಗಳ ಹಣೆಗೆ ಬಳಿದಳು.

ಎಂಟು ದಿನ ಸುಖ. ಆಮೇಲೆ ನೀರು ಶುರುವಾಯಿತು.

ಮೊದಲು ಯಾರಿಗೂ ಗೊತ್ತಾಗಲಿಲ್ಲ. ಫಾಲ್ಗುಣದ ಬಿಸಿಲು ಸೊಲ್ಲಾಪುರವನ್ನು ಹುರಿಯತೊಡಗಿತ್ತು, ನೀರಡಿಕೆ ಯಾರಿಗಿಲ್ಲ? ಆದರೆ ಮಯೂರಿ ಊಟಕ್ಕೆ ಕೂತರೆ ಎರಡು ತುತ್ತಿಗೆ ಒಂದು ತಂಬಿಗೆ. ಬೆಳಿಗ್ಗೆ ತುಂಬಿಟ್ಟ ಕೊಡ ಸಂಜೆಗೆ ಬರಿದು. ಕುಡಿದಷ್ಟೂ ಹೊರಗೆ ಹೋಗುವುದು, ಬಣ್ಣವಿಲ್ಲದ ತಿಳಿನೀರು. ಹೋಗಿ ಬಂದು ಮತ್ತೆ ಕೊಡಕ್ಕೆ ಕೈ. ರಾತ್ರಿ ಐದು ಸಲ, ಆರು ಸಲ. ಕೊಡದಲ್ಲಿ ತಂಬಿಗೆ ಮುಳುಗುವ ಸಪ್ಪಳಕ್ಕೆ ಕಸ್ತೂರಬಾಯಿಗೆ ಎಚ್ಚರವಾಗುತ್ತಿತ್ತು. ಎಣಿಸುತ್ತ ಮಲಗುತ್ತಿದ್ದಳು.

ಸಕ್ಕರೆ ಕಾಯಿಲೆ ಎಂದರು ಕೆಲವರು. ಊರಿನ ಕಂಪೌಂಡರ್ ಅವಳ ಬೆರಳು ಚುಚ್ಚಿ ನೋಡಿದ. ಸಕ್ಕರೆ ಇರಲಿಲ್ಲ.

ಅಂಗಡಿಯಲ್ಲಿ ಇನ್ನೊಂದು ಪಜೀತಿ. ಕಕ್ಕಸು ಇರುವುದು ಹಿಂದಿನ ಕಟ್ಟಡದಲ್ಲಿ, ಬೀಗದ ಕೈ ವಾಚ್‌ಮನ್ ಹತ್ತಿರ. ಗಂಟೆಗೆ ಎರಡು ಸಲ ಓಡಬೇಕು. ಜೊತೆಗೆ ಕೆಲಸ ಮಾಡುವ ಛಾಯಾ ಕುಂಭಾರಿಯವಳೇ, ನಾಲಿಗೆಗೆ ಹಗ್ಗ ಇಲ್ಲದವಳು. ಒಂದು ಸಂಜೆ ಮನೆಗೆ ಬಂದು ಹೇಳಿದಳು.

"ಕಾಕು, ಸೊಲ್ಲಾಪುರಕ್ಕ ಐದು ದಿವ್ಸಕ್ಕೊಮ್ಮಿ ನೀರು ಯಾಕ ಬರ್ತದ ಗೊತ್ತೇನು? ಉಳಿದಿದ್ದು ಎಲ್ಲಾ ನಿಮ್ಮ ಮಯೂ ಕುಡೀತಾಳ."

"ಸುಮ್ಮಕಿರ, ಛಾಯಾ" ಎಂದಳು ಮಯೂರಿ.

"ನಾ ಎದಕ ಸುಮ್ಮಕಿರ್ಲಿ? ಇವತ್ತ ಗಿರಾಕಿ ಮುಂದ ಹನ್ನೆರಡು ಸೀರಿ ಬಿಚ್ಚಿ ಹಾಕಿ ಓಡಿ ಹೋದ್ಳು ಕಾಕು. ಆ ಬಾಯಿ ನನ್ನ ಕೇಳ್ತಾಳ, ಅಕಿ ಸೀರಿ ತರಾಕ ಹೋಗ್ಯಾಳೋ, ನೇಯ್ಕೊಂಡು ಬರಾಕ ಹೋಗ್ಯಾಳೋ ಅಂತ."

ಮಯೂರಿ ನಗಲಿಲ್ಲ. "ಶೇಠಜಿ ಅಂದಾರ, ಅವ್ವ" ಎಂದಳು. "ಮನಿಯಾಗ ಕೂತು ಸುಧಾರಿಸ್ಕೋ, ಆಮ್ಯಾಲ ಬಾ ಅಂತ."

ಅಂದು ಇಡೀ ಸಂಜೆ ಕಸ್ತೂರಬಾಯಿ ಕುರಿಹಟ್ಟಿಯಲ್ಲಿ ಕೂತು ಯೋಚಿಸಿದಳು. ಕೇಳಲು ನಾಗಪ್ಪನಿಲ್ಲ. ತನಗೆ ಗೊತ್ತಿರುವುದು ಕುರಿ ಒಂದೇ. ಮರಿ ಮಾರಿದ ಮೇಲೆ ತಾಯಿ ಕುರಿಯ ಕೆಚ್ಚಲು ತುಂಬಿ ಬಿಗಿಯುತ್ತದೆ. ಆಗ ಏನು ಮಾಡುತ್ತಾರೆ? ಎರಡು ದಿನ ನೀರು ತೋರಿಸುವುದಿಲ್ಲ, ಹಸಿ ಮೇವು ಹಾಕುವುದಿಲ್ಲ. ಹಾಲು ತಾನಾಗಿ ಬತ್ತುತ್ತದೆ. ಅವಳ ತಾಯಿ ಹಾಗೆ ಮಾಡಿದ್ದಳು, ಅತ್ತೆ ಹಾಗೆ ಮಾಡಿದ್ದಳು. ಒಳಗೆ ಹೋಗುವುದು ನಿಂತರೆ ಹೊರಗೆ ಬರುವುದೂ ನಿಲ್ಲುತ್ತದೆ. ಇದರಲ್ಲಿ ತಪ್ಪೇನಿದೆ?

ಮರುದಿನ ಕೊಡವನ್ನು ಒಳಕೋಣೆಯಲ್ಲಿಟ್ಟು ಬಾಗಿಲು ಹಾಕಿದಳು. "ಮುಂಜಾನೆ ಒಂದು ತಂಬಿಗಿ, ಸಂಜಿಕ ಒಂದು. ಎರಡು ದಿವ್ಸ ತಡಕೋ, ನಮ್ಮವ್ವ. ಬತ್ತತದ."

"ನಾ ಏನು ಕುರಿ ಏನ, ಅವ್ವ?"

"ಕುರಿ ಆಗಿದ್ರ ಇಷ್ಟೊತ್ತಿಗೆ ಆರಾಮ ಆಗ್ತಿತ್ತು."

ಮಯೂರಿ ತಡೆದುಕೊಂಡಳು. ಅಂಗಡಿಗೆ ಮರಳಬೇಕೆಂಬ ಆಸೆ. ಮಧ್ಯಾಹ್ನಕ್ಕೆ ತುಟಿ ಒಡೆದವು. ಸಂಜೆಗೆ ನಾಲಿಗೆ ಅಂಟಿ ಮಾತು ತೊದಲಿತು. ಆದರೆ ಹೊರಗೆ ಹೋಗುವುದು ಮಾತ್ರ ನಿಲ್ಲಲಿಲ್ಲ. ನೀರು ಕೊಟ್ಟರೂ ಅಷ್ಟೇ, ಕೊಡದಿದ್ದರೂ ಅಷ್ಟೇ. ಎಲ್ಲಿಂದ ಬರುತ್ತಿದೆ ಇದು ಎಂದು ಕಸ್ತೂರಬಾಯಿ ಹೆದರಿದಳು.

ಎರಡನೆಯ ದಿನ ಬೆಳಿಗ್ಗೆ ಹಟ್ಟಿಯಲ್ಲಿ ಕುರಿಗಳು ಗಲಿಬಿಲಿಯಾದವು. ನಾಯಿ ಹೊಕ್ಕಿದೆ ಎಂದು ಕೋಲು ಹಿಡಿದು ಹೋದಳು. ನಾಯಿಯಲ್ಲ. ಮಯೂರಿ. ಕಲ್ಲುಬಾನಿಯ ಅಂಚಿಗೆ ಎರಡೂ ಕೈ ಊರಿ, ಕುರಿಗಳ ಮೂತಿಯ ನಡುವೆ ಮೂತಿಯಿಟ್ಟು, ಹಸಿರು ಕಟ್ಟಿದ ನೀರನ್ನು ಹೀರುತ್ತಿದ್ದಳು.

ಕಸ್ತೂರಬಾಯಿಯ ಕೈಯಿಂದ ಕೋಲು ಬಿತ್ತು. ಒಳಗಿಂದ ಕೊಡವನ್ನೇ ಎತ್ತಿ ತಂದು ಮಗಳ ಮುಂದಿಟ್ಟಳು. ಮಯೂರಿ ಕುಡಿದಳು.

ಅಲ್ಲಿಗೇ ಬಿಟ್ಟಿದ್ದರೆ, ಫೋನು ಮಾಡಿದ್ದರೆ, ಆಗಿಹೋಗುತ್ತಿತ್ತು. ಡಾಕ್ಟರರ ಚೀಟಿಯಲ್ಲಿ ನಂಬರಿತ್ತು. ಆದರೆ ಏನೆಂದು ಹೇಳುವುದು? ಹೊಟ್ಟೆಯಲ್ಲಿ ಹುಟ್ಟಿದ ಮಗಳಿಗೆ ನೀರು ಬಂದ್ ಮಾಡಿದೆ, ಅವಳು ಕುರಿಬಾನಿಯಲ್ಲಿ ಕುಡಿದಳು ಎಂದೇ? ನಾಚಿಕೆ ಬಾಯಿ ಕಟ್ಟಿತು. ಕಟ್ಟಿದ ಬಾಯಿಯಲ್ಲೇ ಮತ್ತೊಂದು ಯೋಚನೆ ಹುಟ್ಟಿತು. ಹೊಸ ಮೇವು ಹಾಕಿದಾಗ ಕುರಿ ಉಚ್ಚಿಕೊಂಡರೆ ಮೊದಲು ಮೇವು ನಿಲ್ಲಿಸುತ್ತಾರೆ. ಈ ನೀರು ಬಂದದ್ದು ಯಾವಾಗ? ಗುಳಿಗೆ ಬಂದ ಮೇಲೆ.

"ಗುಳಿಗಿ ಬಿಡು" ಎಂದಳು ಶುಕ್ರವಾರ. "ತಾಕತ್ತು ಬಂದದ ಹೌದಿಲ್ಲೋ? ಸಾಕು."

"ಡಾಕ್ಟರ್ ಬಾಯಿ ಬಿಡಬ್ಯಾಡ ಅಂದಾರಲ್ಲ."

"ಅಕಿ ಮಗಳು ಬಾನಿ ನೀರು ಕುಡದಿಲ್ಲ."

ಮಯೂರಿ ಬಿಟ್ಟಳು. ಶನಿವಾರ ಏನಿಲ್ಲ. ಭಾನುವಾರ ಕೊಡದಲ್ಲಿ ಅರ್ಧ ನೀರು ಉಳಿಯಿತು. ಸೋಮವಾರ ರಾತ್ರಿ ಒಮ್ಮೆಯೂ ತಂಬಿಗೆಯ ಸಪ್ಪಳವಿಲ್ಲ. ಕಸ್ತೂರಬಾಯಿ ಎಷ್ಟೋ ದಿನದ ಮೇಲೆ ಬೆಳಗಿನ ತನಕ ನಿದ್ದೆ ಮಾಡಿದಳು. ಎದ್ದು ಗೋಡೆಯ ಮೇಲಿನ ನಾಗಪ್ಪನ ಫೋಟೋಕ್ಕೆ ಹೇಳಿದಳು, "ನಾನೇ ಹುಡುಕಿದ್ನಿ ನೋಡು."

ಮಂಗಳವಾರ ಮಗಳು ಅರ್ಧ ರೊಟ್ಟಿ ಬಿಟ್ಟದ್ದನ್ನು ನೋಡಿದಳು. ಬುಧವಾರ ಕೆಮ್ಮು, ಸಣ್ಣ ಜ್ವರ. ಕಂಬಳಿ ಮತ್ತೆ ಹೊರಗೆ ಬಂದದ್ದನ್ನೂ ನೋಡಿದಳು. ನೋಡಿದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ನೀರು ನಿಂತಿತ್ತಲ್ಲ.

ಗುರುವಾರ ಸಾತಲಿಂಗಪ್ಪನ ಮೊಮ್ಮಗನ ಜಾವಳ, ಅಂದರೆ ಮೊದಲ ಕೂದಲು ತೆಗೆಸುವುದು. ತವರಿನ ಹೆಣ್ಣುಮಕ್ಕಳು ತಪ್ಪುವಂತಿಲ್ಲ. ತಾಯಿ ಮಗಳು ಎಸ್‌ಟಿಗೆ ಕಾದು ಅಕ್ಕಲಕೋಟ ಮುಟ್ಟಿದಾಗ ಹನ್ನೊಂದು ಗಂಟೆ. ಕಂಬಳಿ ಮೇಲೆ ಕೂಸು ಅಳುತ್ತಿತ್ತು, ಭಂಡಾರ ಹಾರುತ್ತಿತ್ತು, ಹೋಳಿಗೆ ಬೇಯುತ್ತಿತ್ತು. ಮಯೂರಿ ಎರಡು ತುತ್ತು ತಿಂದು ಹಿತ್ತಲಿಗೆ ಹೋಗಿ ವಾಂತಿ ಮಾಡಿದಳು. ಮತ್ತೆ ಮಾಡಿದಳು. ಒಳಗೆ ಬಂದು ಗೋಡೆ ಕಡೆ ಮುಖ ಮಾಡಿ ಮಲಗಿದಳು.

"ಏನವ್ವ ಮಯೂ, ಮಾಮಾನ ಮನಿ ಹೋಳಿಗಿ ಹಿಡಿಸಲಿಲ್ಲೇನು?" ಎಂದ ಸಾತಲಿಂಗಪ್ಪ. "ನಿನ್ನ ಮದುವ್ಯಾಗ ಬಾಸುಂದಿ ಮಾಡ್ಸೂಣು, ಏಳು."

ಮಯೂರಿ ಏಳಲಿಲ್ಲ.

ಕಸ್ತೂರಬಾಯಿ ಹಣೆ ಮುಟ್ಟಿದಳು. ಜ್ವರದ ಮೈ ತಣ್ಣಗೆ ಬೆವರಿತ್ತು. ಕರೆದರೆ ಕಣ್ಣು ಅರ್ಧ ತೆರೆದು ಮುಚ್ಚುತ್ತಿತ್ತು. ತಲೆಯ ಹತ್ತಿರ ಯಾರೋ ಇಟ್ಟಿದ್ದ ತಂಬಿಗೆ ತುಂಬಿಯೇ ಇತ್ತು. ಬೆಳಗಿನಿಂದ ಇವಳು ನೀರು ಕೇಳಿಲ್ಲ ಎಂದು ಹೊಳೆಯಿತು. ಎರಡು ದಿನದ ಹಿಂದೆ ಯಾವ ಸಪ್ಪಳವಿಲ್ಲವೆಂದು ಸಂತೋಷಪಟ್ಟಿದ್ದಳೋ ಅದೇ ಸಪ್ಪಳ ಈಗ ಬೇಕಾಯಿತು. "ಮಯೂ, ನೀರು ಕುಡೀತಿ?" ಎಂದಳು. ತಂಬಿಗೆಯನ್ನು ತುಟಿಗೆ ಹಿಡಿದಳು. ನೀರು ಕೆನ್ನೆಯ ಮೇಲೆ ಹರಿದು ಹೋಯಿತು.

"ರಿಕ್ಷಾ ತಾ, ಸಾತಲಿಂಗ" ಎಂದಳು. ಅವಳ ದನಿ ಕೇಳಿ ಅವನ ಚೇಷ್ಟೆ ಅಡಗಿತು.

ಗುರುವಾರ ಅಕ್ಕಲಕೋಟದಲ್ಲಿ ಸ್ವಾಮಿಗಳ ದರ್ಶನದ ಗದ್ದಲ. ರಿಕ್ಷಾ ಹತ್ತು ಹೆಜ್ಜೆ ಹೋಗಿ ನಿಲ್ಲುತ್ತಿತ್ತು. ಸಾತಲಿಂಗಪ್ಪ ಮುಂದೆ ಇಳಿದು, "ಸರಕಾ ಹೋ, ಪೇಶಂಟ್ ಆಹೇ" ಎಂದು ಜನರನ್ನು ಸರಿಸುತ್ತ ಓಡಿದ. ಮಗಳ ತಲೆ ಕಸ್ತೂರಬಾಯಿಯ ತೊಡೆಯ ಮೇಲೆ. ಜೀಪಿನಲ್ಲಿ ನಾಗಪ್ಪನ ತಲೆ ಯಾರ ತೊಡೆಯ ಮೇಲಿತ್ತೋ ಎಂದು ಅವಳಿಗೆ ಅನಿಸಿತು. ಆ ಯೋಚನೆಯನ್ನು ನುಂಗಿದಳು.

ಪ್ರಾಜಕ್ತಾ ಡಾಕ್ಟರು ಬಿ.ಪಿ. ನೋಡಿದಳು. ಮತ್ತೊಮ್ಮೆ ನೋಡಿದಳು. ಬೆರಳು ಚುಚ್ಚಿ ಸಕ್ಕರೆ ನೋಡಿದಳು, ಕೆಳಗಿಳಿದಿತ್ತು. ನರ್ಸು ಸಲಾಯಿನ್ ಸೂಜಿಗೆ ನರ ಹುಡುಕತೊಡಗಿದಳು.

"ಮಾವಶಿ, ಗುಳಿಗಿ ಬರೋಬ್ಬರಿ ತಗೊಳ್ಳಾಕತ್ತಾಳ ಹೌದಿಲ್ಲೋ? ಇವತ್ತಿಂದು ತಗೊಂಡಾಳ?"

ಬಾಗಿಲಲ್ಲಿ ತಮ್ಮ, ತಮ್ಮನ ಹೆಂಡತಿ, ಜಾವಳಕ್ಕೆ ಬಂದ ನಾಲ್ಕು ಜನ ನಿಂತಿದ್ದರು. ಎಲ್ಲರ ಕಣ್ಣೂ ಅವಳ ಮೇಲೆ.

"ತಗೊಂಡಾಳ್ರಿ" ಎಂದಳು ಕಸ್ತೂರಬಾಯಿ.

ಡಾಕ್ಟರು ಹುಬ್ಬು ಗಂಟಿಕ್ಕಿದಳು. "ಹಂಗಾದ್ರ ಇದು ಬ್ಯಾರೇನೋ ಅದ. ಎದಿಗೆ ನಂಜು ಇಳದದೋ ಏನೋ. ಸೊಲ್ಲಾಪುರಕ್ಕ ಕಳಸೂಣು. ಗಾಡಿ ಕರೀರಿ" ಎಂದು ಕಂಪೌಂಡರನ ಕಡೆ ತಿರುಗಿದಳು.

ಸೊಲ್ಲಾಪುರ. ಅದೇ ರಸ್ತೆ. ಕಸ್ತೂರಬಾಯಿ ಮಗಳ ಒಡೆದ ತುಟಿ ನೋಡಿದಳು. ಅದು ಒಡೆದದ್ದು ತನ್ನಿಂದ. ಆಷಾಢದಲ್ಲಿ ಸುಳ್ಳು ಹೇಳಿ ಸತ್ತವನನ್ನು ನಾಲ್ಕು ದಿನ ಕುರಿ ಕಾಯಲು ಕಳಿಸಿದ್ದಳು. ಆ ಸುಳ್ಳಿನಿಂದ ಯಾರೂ ಸಾಯಲಿಲ್ಲ. ಈ ಸುಳ್ಳು ಹಾಗಲ್ಲ.

"ಇಲ್ಲ್ರಿ" ಎಂದಳು. "ತಗೊಂಡಿಲ್ಲ. ಆರು ದಿವ್ಸ ಆತು. ನಾನೇ ಬಿಡಿಸೇನಿ."

ಡಾಕ್ಟರು ಬೈಯಲಿಲ್ಲ. ಬೈಯಲು ಸಮಯ ಇರಲಿಲ್ಲ. ಕಪಾಟಿನಿಂದ ಸಣ್ಣ ಬಾಟಲಿ ತೆಗೆದು, ಪುಡಿಗೆ ನೀರು ಬೆರೆಸಿ ನರಕ್ಕೇ ಚುಚ್ಚಿದಳು. ಸಕ್ಕರೆ ನೀರು ಬಿಟ್ಟಳು, ಉಪ್ಪಿನ ನೀರು ಹಚ್ಚಿದಳು. "ಗಾಡಿ ತಡೀಲಿ" ಎಂದಳು. ಸ್ಟೂಲು ಎಳೆದು ಅಲ್ಲೇ ಕೂತು ಬಿ.ಪಿ. ಅಳೆಯುತ್ತ ಹೋದಳು. ಹೊರಗಿನ ಪೇಶಂಟುಗಳು ಗೊಣಗುತ್ತಿದ್ದರು. ಗಡಿಯಾರ ಕಸ್ತೂರಬಾಯಿಯ ಎದುರೇ ಇತ್ತು. ಮುಳ್ಳು ಓದಲು ಬಂದರೂ ಅಂದು ಅವಳಿಗೆ ಎಷ್ಟಾಯಿತೆಂದು ತಿಳಿಯಲಿಲ್ಲ.

ಮೊದಲು ಮಯೂರಿಯ ಕಾಲ್ಬೆರಳು ಬೆಚ್ಚಗಾದವು. ಕಸ್ತೂರಬಾಯಿ ಅವನ್ನೇ ಹಿಡಿದು ಕೂತಿದ್ದಳು, ಡಾಕ್ಟರರಿಗಿಂತ ಮುಂಚೆ ಅವಳಿಗೇ ಗೊತ್ತಾಯಿತು. ನಾಲ್ಕು ಗಂಟೆಗೆ ಮಗಳು ಕಣ್ಣು ತೆರೆದಳು. ಐದಕ್ಕೆ, "ಕೂಸಿನ ಜಾವಳ ಆತೇನ?" ಎಂದಳು. ಮುಸ್ಸಂಜೆ ನರ್ಸು ಬಂದು, ಪೇಶಂಟಿನ ಮೂತ್ರದ ಚೀಲ ಮೂರನೆಯ ಸಲ ತುಂಬಿದೆ ಎಂದಳು. ಮಯೂರಿ ನೀರು ಕೇಳಿದಳು. ಮತ್ತೆ ಕೇಳಿದಳು.

ಕಸ್ತೂರಬಾಯಿ ತಲೆ ತಗ್ಗಿಸಿದಳು. "ಇದರ ಸಲುವಾಗೇ ಬಿಡಿಸಿದ್ನಿ ಬಾಯಾರ. ಗುಳಿಗಿ ಬಂದ ಮ್ಯಾಲ ಈ ನೀರು ಬಂತು. ಗುಳಿಗಿ ನಿಂತ ಮ್ಯಾಲ ನಿಂತಿತು." ಬಾನಿಯ ಮಾತನ್ನೂ ಹೇಳಿದಳು. ಕುರಿಗೆ ಹಾಲು ಬತ್ತಿಸುವುದನ್ನೂ ಹೇಳಿದಳು. ಏನೂ ಮುಚ್ಚಲಿಲ್ಲ.

ಡಾಕ್ಟರು ಎಲ್ಲವನ್ನೂ ಕಾಗದದ ಮೇಲೆ ಬರೆದುಕೊಂಡಳು. ಆಮೇಲೆ ಸೊಲ್ಲಾಪುರದ ಹಾರ್ಮೋನ್ ಡಾಕ್ಟರರಿಗೆ ಫೋನು ಹಚ್ಚಿ ಮಾತಾಡಿದಳು. ಬಂದು ಕೂತಳು.

"ತಪ್ಪು ನಂದೂ ಅದ, ಮಾವಶಿ. ಗುಳಿಗಿ ಕೊಟ್ಟ ಮ್ಯಾಲ ನೀರಡಿಕಿ ಆದ್ರ ಹೇಳ್ರಿ ಅಂತ ನಾ ಹೇಳಬೇಕಾಗಿತ್ತು. ಈಗ ಕೇಳ್ರಿ. ಮೆದುಳಿನ ಬುಡದಾಗ ಹೈಪೋಥಾಲಮಸ್ ಅಂತ ಒಂದು ಜಾಗ ಅದ. ಅದಕ್ಕ ಸಣ್ಣ ದೇಟಿಲೆ ಕಡಲಿಕಾಳಿನಷ್ಟು ಗ್ರಂಥಿ ಜೋತು ಬಿದ್ದದ. ಅದು ಪಿಟ್ಯುಟರಿ. ಮ್ಯಾಲಿಂದು ನೋಡ್ತಿರ್ತದ, ರಕ್ತ ಉಪ್ಪಾತೇನು, ಮೈ ತಣ್ಣಗಾತೇನು, ಜೀವಕ್ಕ ಕುತ್ತು ಬಂತೇನು ಅಂತ. ಕೆಳಗಿನ ಕಾಳಿಗೆ ಹೇಳ್ತದ. ಕಾಳು ರಕ್ತದಾಗ ಸುದ್ದಿ ಬಿಡ್ತದ. ಆ ಸುದ್ದಿಗೇ ಹಾರ್ಮೋನ್ ಅಂತೀವಿ. ಗಂಟಲಾಗ ಥೈರಾಯ್ಡ್, ಮೂತ್ರಪಿಂಡದ ನೆತ್ತಿ ಮ್ಯಾಲ ಅಡ್ರಿನಲ್, ಕೆಳಗ ಅಂಡಾಶಯ, ಎಲ್ಲಾ ಆ ಸುದ್ದಿ ಬಂದ್ರೇ ಕೆಲಸ ಮಾಡ್ತಾವ. ಅವು ಮಾಡಿದ್ದು ಸಾಕಾತಂದ್ರ ಅದೂ ರಕ್ತದಾಗೇ ಮ್ಯಾಲಿಂದಕ್ಕ ಗೊತ್ತಾಗ್ತದ. ಆಗ ಅದು ಸುಮ್ಮನಾಗ್ತದ."

ಕಸ್ತೂರಬಾಯಿ ತಲೆ ಎತ್ತಿದಳು. "ಶಿಳ್ಳಿ" ಎಂದಳು.

"ಏನು?"

"ದಿಬ್ಬದ ಮ್ಯಾಲ ಕೂತಾಂವ ನೋಡ್ತಾನ್ರಿ. ಶಿಳ್ಳಿ ಹಾಕ್ತಾನ. ಕುರಿ ತಿರುಗ್ತಾವ. ತಿರುಗಿದ್ದು ನೋಡಿ ಬಿಡ್ತಾನ."

ಡಾಕ್ಟರು ಅವಳ ಮುಖವನ್ನೇ ನೋಡಿದಳು. "ಹೌದು. ಹಂಗೇ. ಇಕಿ ಅಡ್ರಿನಲ್ ಗಟ್ಟಿ ಅದ. ಮೂತ್ರಪಿಂಡ ಗಟ್ಟಿ ಅದ. ತಲಿಗೆ ಪೆಟ್ಟು ಬಿದ್ದಾಗ ಶಿಳ್ಳಿ ಕಡದದ. ತಿಂಗಳದ್ದು ನಿಂತಿದ್ದೂ ಅದಕ್ಕೇ."

"ಮತ್ತ ನೀರು?"

"ನೀರು ಹಿಡಿ ಅಂತ ಮೂತ್ರಪಿಂಡಕ್ಕ ಹೇಳೋ ಸುದ್ದಿ ಬ್ಯಾರೆ ಅದ. ಅದನ್ನ ಹೈಪೋಥಾಲಮಸ್ಸೇ ತಯಾರಿಸ್ತದ, ಪಿಟ್ಯುಟರಿ ಬರೇ ಕೂಡಿಟ್ಟು ಬಿಡ್ತದ. ಅದೂ ಅವತ್ತೇ ಕಡದಿತ್ತು. ಆದ್ರ ಕಾರ್ಟಿಸಾಲ್ ಇಲ್ಲದ ಮೈಗೆ ನೀರು ಹೊರಗ ಹಾಕೋ ಶಕ್ತೀನೂ ಇರಂಗಿಲ್ಲ. ಹಂಗಾಗಿ ಎರಡನೇ ರೋಗ ಮುಚ್ಚಿಕೊಂಡು ಕೂತಿತ್ತು. ಗುಳಿಗಿ ಕೊಟ್ಟಿವಿ, ಅದು ಹೊರಗ ಬಂತು. ನೀವು ಬಿಡಿಸಿದ್ರಿ, ಹೊಳ್ಳಿ ಮುಚ್ಚಿಕೊಂಡಿತು. ರೋಗ ಹೋಗಿದ್ದಿಲ್ಲ, ಮಾವಶಿ. ಮಗಳು ಹೊಂಟಿದ್ಳು."

ಆ ಮಾತು ಕಸ್ತೂರಬಾಯಿಯ ಎದೆಯಲ್ಲಿ ಕಲ್ಲಿನ ಹಾಗೆ ಕೂತಿತು. ಇಂದಿಗೂ ಅಲ್ಲೇ ಇದೆ.

ನಾಲ್ಕು ದಿನ ಇಟ್ಟುಕೊಂಡು ಕಳಿಸಿದರು. ಈಗ ಎರಡು ಔಷಧ. ಹಳೆಯದು ಮುಂಜಾನೆ ಒಂದು, ಮಧ್ಯಾಹ್ನ ಎರಡು ಗಂಟೆಗೆ ಅರ್ಧ. ಜ್ವರ ಬಂದರೆ ದುಪ್ಪಟ್ಟು. ವಾಂತಿಯಾದರೆ ಸೂಜಿ, ಕೂಡಲೇ. ಹೊಸದು ನೀರು ಹಿಡಿಯುವ ಗುಳಿಗೆ, ರಾತ್ರಿಗೆ ಒಂದು, ಮುಂಜಾನೆ ಅರ್ಧ. ಅದನ್ನು ತೆಗೆದುಕೊಂಡು ಸುಮ್ಮನೆ ನೀರು ಕುಡಿಯುವಂತಿಲ್ಲ, ನೀರಡಿಸಿದರೆ ಕುಡಿಯಬೇಕು, ಇಲ್ಲದಿದ್ದರೆ ಬಿಡಬೇಕು. ಹೆಚ್ಚಾದರೆ ನೀರೇ ಮೈಯಲ್ಲಿ ನಿಂತು ತಲೆಗೇರುತ್ತದೆ. ಹೀಗೆ ಎಷ್ಟು ದಿನ ಎಂದು ಕೇಳಿದ್ದಕ್ಕೆ ಡಾಕ್ಟರು, ಬಹುಶಃ ಯಾವಾಗಲೂ ಎಂದಳು. ಮಯೂರಿ ಕೊರಳಲ್ಲಿ ಒಂದು ಚೀಟಿ ಹಾಕಿಕೊಂಡಿದ್ದಾಳೆ, ರೋಗದ ಹೆಸರು, ಸೂಜಿಯ ಹೆಸರು ಬರೆದದ್ದು. ಛಾಯಾ ಅದನ್ನು ನೋಡಿ, "ಹರಕಿ ಕುರಿ ಕಂಡಂಗ ಕಾಣ್ತಿ" ಎಂದಳಂತೆ. ಶೇಠರು ಮತ್ತೆ ಕೆಲಸಕ್ಕೆ ಕರೆದು, ಕಕ್ಕಸಿನ ಇನ್ನೊಂದು ಬೀಗದ ಕೈ ಮಾಡಿಸಿ ಕೊಟ್ಟರು.

ಮಗಳು ಸುಧಾರಿಸಿದಳು. ತಾಯಿ ಸುಧಾರಿಸಲಿಲ್ಲ. ಮೊದಲು ತಂಬಿಗೆಯ ಸಪ್ಪಳ ಕೇಳಿದರೆ ಹೆದರುತ್ತಿದ್ದಳು. ಈಗ ಕೇಳಿದರೂ ಹೆದರಿಕೆ, ಕೇಳದಿದ್ದರೂ ಹೆದರಿಕೆ. ದಿನಾ ಎರಡು ಗಂಟೆಗೆ ಎಲ್ಲಿದ್ದರೂ ಫೋನು ಹಚ್ಚುತ್ತಾಳೆ. "ತಗೊಂಡಿ?" "ತಗೊಂಡೆ." ಅಷ್ಟೇ ಮಾತು.

ಹೋದ ಮಂಗಳವಾರ ಎರಡು ಗಂಟೆಗೆ ಹಚ್ಚಿದಳು. ಮಯೂರಿ ಎತ್ತಲಿಲ್ಲ. ಮತ್ತೆ ಹಚ್ಚಿದಳು. ಛಾಯಾಳಿಗೆ ಹಚ್ಚಿದಳು, ಅದು ಬಂದ್ ಆಗಿತ್ತು. ಐದು ಸಲ, ಆರು ಸಲ. ಎಸ್‌ಟಿ ಮೂರೂವರೆಗೆ. ಕುರಿ ದಿಬ್ಬದ ಕೆಳಗೆ ಮೇಯುತ್ತಿದ್ದವು. ರಸ್ತೆಯಲ್ಲಿ ಒಂದು ವಡಾಪ್ ನಿಂತು, "ಚಲಾ ಸೋಲಾಪುರ, ಸೋಲಾಪುರ" ಎಂದು ಕೂಗುತ್ತಿತ್ತು. ಹತ್ತಿದಳು. ದಾರಿಯುದ್ದಕ್ಕೂ ಕಬ್ಬಿಣದ ಸರಳು ಹಿಡಿದು ಕಣ್ಣು ಮುಚ್ಚಿ ಕೂತಳು.

ನವಿ ಪೇಠದ ಅಂಗಡಿಯಲ್ಲಿ ಮಯೂರಿ ಹಾಸಿದ ಗಾದಿಯ ಮೇಲೆ ಕೂತು ಮದುವೆಯ ಗುಂಪೊಂದಕ್ಕೆ ಸೀರೆ ಬಿಚ್ಚಿ ತೋರಿಸುತ್ತಿದ್ದಳು. ತಾಯಿಯನ್ನು ಕಂಡು ಕೈಯಲ್ಲಿದ್ದ ಸೆರಗು ಹಾಗೇ ನಿಂತಿತು.

"ಅವ್ವ? ಏನಾತು?"

"ಫೋನ್ ಎಲ್ಲಿ ಅದ?"

"ಡ್ರಾವರದಾಗ. ಗಿರಾಕಿ ಇದ್ರು. ಗುಳಿಗಿ ತಗೊಂಡೀನಿ, ಅವ್ವ."

ಮದುವೆಯ ಹೆಂಗಸರು ನೋಡುತ್ತಿದ್ದರು. ಧನರಾಜ ಶೇಠರು ಕನ್ನಡಕದ ಮೇಲಿಂದ ನೋಡಿ, "ಯಾ ಬಾಯಿ, ಬಸಾ, ಬಂದು ಕೂಡ್ರಿ. ಏನು ತೋರಿಸ್ಲಿ?" ಎಂದರು.

"ಏನಿಲ್ಲ್ರಿ" ಎಂದಳು ಕಸ್ತೂರಬಾಯಿ. "ದಾರ ತಗೊಳ್ಳಾಕ ಬಂದಿದ್ನಿ. ಇಲ್ಲಿ ದಾರ ಸಿಗಂಗಿಲ್ಲೇನು?"

"ಸೀರಿ ಅಂಗಡ್ಯಾಗ ದಾರ ಕೇಳಿದಾಕಿ ನೀವೇ ಮೊದಲು, ಕಾಕು" ಎಂದಳು ಛಾಯಾ.

ಶೇಠರು ಚಹಾ ತರಿಸಿದರು. ಕಸ್ತೂರಬಾಯಿ ಮೂಲೆಯಲ್ಲಿ ಕೂತು ಕುಡಿದಳು. ಮಯೂರಿ ಮೂರು ಸೀರೆ ತೋರಿಸಿ, ಪಕ್ಕದ ಬಾಟಲಿ ಎತ್ತಿ ಎರಡು ಗುಟುಕು ಕುಡಿದು, ಮುಚ್ಚಳ ಹಾಕಿ, ನಾಲ್ಕನೆಯ ಸೀರೆ ಬಿಚ್ಚಿದಳು. ಎರಡೇ ಗುಟುಕು. ಹೆಚ್ಚಿಲ್ಲ, ಕಡಿಮೆಯಿಲ್ಲ. ಅದನ್ನು ಕಂಡ ಮೇಲೆ ಕಸ್ತೂರಬಾಯಿ ಎದ್ದಳು.

ಕುಂಭಾರಿಯಲ್ಲಿ ಇಳಿದಾಗ ಗುರುನಾಥ ಕೋಲು ಹಿಡಿದು ರಸ್ತೆಗೇ ಬಂದಿದ್ದ. ದಿಬ್ಬದ ಪಕ್ಕದ ಹೊಲದವನು. ನಲವತ್ತು ಕುರಿ ಅವನ ಮೆಂತೆ ಪಲ್ಲೆಯಲ್ಲಿ ಇಳಿದಿದ್ದವು.

"ಕುರಿ ಬಿಟ್ಟು ಎಲ್ಲಿ ಹಾಳಾಗಿ ಹೋಗಿದ್ದಿ, ಕಸ್ತೂರಕ್ಕ? ಹೊಲ ನೋಡು ನಂದು. ನಾಗಪ್ಪ ಇದ್ದಾಗ ಒಂದು ಕುರಿ ಬದು ದಾಟಿದ್ದಿಲ್ಲ."

"ಹೌದು, ದಾಟಿದ್ದಿಲ್ಲ" ಎಂದಳು ಕಸ್ತೂರಬಾಯಿ.

"ಮತ್ತ? ಎಲ್ಲಿ ಹೋಗಿದ್ದಿ?"

"ನವಿ ಪೇಠಕ್ಕ. ಮಗಳು ನೀರು ಕುಡದದ್ದು ನೋಡ್ಲಾಕ."

ಗುರುನಾಥನಿಗೆ ಏನೂ ತಿಳಿಯಲಿಲ್ಲ. ಅವನು ಬೈಯುತ್ತಲೇ ಇದ್ದ. ಅವಳು ಮೆಂತೆಯಲ್ಲಿಳಿದು ಒಂದೊಂದೇ ಕುರಿಯ ಕಿವಿ ಹಿಡಿದು ಹೊರಗೆ ಎಳೆಯತೊಡಗಿದಳು.